ಶಿಲೆಯ ವೀರ, ನೆನಪಿನ ವೀರ: ದಾವೀದ ಶಿಲ್ಪಗಳು ಮತ್ತು ಸುರಪುರದ ವೆಂಕಟಪ್ಪನಾಯಕ

ವೀರನ ಬದುಕಿನ ಯಾವ ಗಳಿಗೆಯನ್ನು ಶಿಲ್ಪಕ್ಕೆ ಆಯ್ದುಕೊಳ್ಳಬೇಕೆಂಬುದು ಆಯಾ ಸಮಾಜದ ವೀರಕಲ್ಪನೆಯನ್ನು ಅವಲಂಬಿಸಿರುತ್ತದೆ. ಇಟಲಿಯ ಪುನರುಜ್ಜೀವನ ಕಾಲದ ದಾವೀದ ಶಿಲ್ಪಗಳು ಇದಕ್ಕೆ ನಿದರ್ಶನ. ಬೈಬಲ್ಲಿನ ಹಳೆಯ ಒಡಂಬಡಿಕೆಯ ದಾವೀದನು ಕವಣೆಗಲ್ಲಿನಿಂದ ದೈತ್ಯಕಾಯದ ಗೊಲ್ಯಾತನನ್ನು ಕೆಡವಿದ ಕುರಿಗಾಹಿ. ಹದಿನೈದನೆಯ ಶತಮಾನದಲ್ಲಿ ದೊನಾತೆಲ್ಲೊ ಎರಕ ಹೊಯ್ದ ಕಂಚಿನ ದಾವೀದನ ಕಾಲಡಿಯಲ್ಲಿ ವೈರಿಯ ರುಂಡವಿದೆ. ಅದು ಗೆಲುವಿನ ಗಳಿಗೆ. ಮೈಕೆಲ್ಯಾಂಜೆಲೊ 1501ರಿಂದ 1504ರ ಅವಧಿಯಲ್ಲಿ ಕಡೆದ 5.17 ಮೀಟರ್ ಎತ್ತರದ ಅಮೃತಶಿಲೆಯ ವಿಗ್ರಹದಲ್ಲಿ ರುಂಡವಿಲ್ಲ. ಹೆಗಲ ಮೇಲೆ ಕವಣೆಯಿದೆ, ದೃಷ್ಟಿಯಲ್ಲಿ ಎಚ್ಚರವಿದೆ. ಇದನ್ನು ಕಾಳಗಕ್ಕೆ ಮುಂಚಿನ ಗಳಿಗೆಯೆಂದು ವಿದ್ವಾಂಸರು ಸಾಮಾನ್ಯವಾಗಿ ಅರ್ಥೈಸಿದ್ದಾರೆ. 1494ರಲ್ಲಿ ಮೆದಿಚಿ ಮನೆತನವನ್ನು ಹೊರಗಟ್ಟಿದ್ದ ಫ್ಲಾರೆನ್ಸ್ ಗಣರಾಜ್ಯವು ಈ ವಿಗ್ರಹವನ್ನು ತನ್ನ ಆಡಳಿತ ಭವನದ ಮುಂದೆ ನಿಲ್ಲಿಸಿತು. ಬಲಾಢ್ಯರ ನಡುವಿನ ಸಣ್ಣ ರಾಜ್ಯಕ್ಕೆ ದಾವೀದನು ಸ್ವಾತಂತ್ರ್ಯದ ಸಂಕೇತನಾದನು.

ಕನ್ನಡ ನಾಡಿನ ವೀರಗಲ್ಲು ಆಯ್ದುಕೊಂಡದ್ದು ಮರಣದ ಗಳಿಗೆಯನ್ನು. ಸಾಮಾನ್ಯವಾಗಿ ಅದರ ಕೆಳಪಟ್ಟಿಕೆಯಲ್ಲಿ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸಾನ್ನಿಧ್ಯ ಇರುತ್ತವೆ. ದಾವೀದನು ಧರ್ಮಗ್ರಂಥದಿಂದ ಬಂದ ವೀರ; ವೀರಗಲ್ಲಿನವನು ತುರುಗಾಳಗದಲ್ಲೋ ಊರ ರಕ್ಷಣೆಯಲ್ಲೋ ಮಡಿದ ಊರಿನವನೇ. ಗೆದ್ದನೋ ಸೋತನೋ ಎಂಬುದು ಅಲ್ಲಿ ಮುಖ್ಯವಲ್ಲ.

ಈ ಎರಡು ಮಾದರಿಗಳಿಗೂ ಒಗ್ಗದ ವೀರನೊಬ್ಬನು ಸಗರನಾಡಿನಲ್ಲಿದ್ದಾನೆ. ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಪ್ರಬಲವಾಗಿದ್ದ ಬೇಡ ಸಂಸ್ಥಾನದ ತರುಣ ದೊರೆ ರಾಜಾ ವೆಂಕಟಪ್ಪನಾಯಕನು 1858ರ ಫೆಬ್ರುವರಿಯಲ್ಲಿ ಬ್ರಿಟಿಷ್ ಸೈನ್ಯವನ್ನು ಎದುರಿಸಿದನು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತನು. ದೊರೆ ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಯಾದನು. ಮರಣದಂಡನೆ ಸೆರೆವಾಸಕ್ಕೆ ಇಳಿಯಿತಾದರೂ ಚೆಂಗಲ್‌ಪಟ್ಟಿನ ಕೋಟೆಗೆ ಒಯ್ಯುವ ದಾರಿಯಲ್ಲಿ ಗುಂಡು ತಗುಲಿ ಮೃತನಾದನು. ಬಾಲದೊರೆಯನ್ನು ಬೆಳೆಸಿದ್ದ ಮೆಡೋಸ್ ಟೇಲರನ ಆತ್ಮಕಥೆ (1877) ಕಾವಲು ಅಧಿಕಾರಿಯ ಪಿಸ್ತೂಲಿನಿಂದ ಅವನೇ ಗುಂಡು ಹಾರಿಸಿಕೊಂಡನೆನ್ನುತ್ತದೆ. ಬ್ರಿಟಿಷರೇ ಕೊಂದರೆಂಬುದು ಜನರ ನಂಬಿಕೆ. 1860ರಲ್ಲಿ ಸುರಪುರವು ನಿಜಾಮನ ಪಾಲಾಯಿತು.

ಇವನು ದಾವೀದನಂತೆ ಗೆಲ್ಲಲಿಲ್ಲ, ವೀರಗಲ್ಲಿನವನಂತೆ ರಣದಲ್ಲಿ ಮಡಿಯಲೂ ಇಲ್ಲ. ಸಾಕ್ಷಿಗಳಿಲ್ಲದ ದಾರಿಯ ಸಾವನ್ನು ತೋರಿಸುವ ಪಟ್ಟಿಕೆ ಶಿಲ್ಪಸಂಪ್ರದಾಯದಲ್ಲಿಲ್ಲ. ಆದ್ದರಿಂದಲೇ ಜನಸ್ಮೃತಿಯು ಅವನ ಸಾವನ್ನು ವೈರಿಯ ಕೈಗೆ ಒಪ್ಪಿಸಿ, ಅದನ್ನು ಮತ್ತೆ ರಣಮರಣದ ಸಾಲಿಗೆ ತಂದಿರಬೇಕು. ಟೇಲರನ ಬರಹವನ್ನು ದಾಖಲೆಯೆಂದೂ ಜನರ ಮಾತನ್ನು ಕಲ್ಪನೆಯೆಂದೂ ವಿಂಗಡಿಸಿಬಿಡುವುದು ಸುಲಭ. ಆದರೆ ಟೇಲರನೂ ಆ ಸಾವನ್ನು ಕಣ್ಣಾರೆ ಕಂಡವನಲ್ಲ. ಒಂದು ಸಾವನ್ನು ಕುರಿತದ್ದು, ಇನ್ನೊಂದು ಅದನ್ನು ನಾಡು ಸಹಿಸಿಕೊಂಡ ರೀತಿಯನ್ನು ಕುರಿತದ್ದು; ಚರಿತ್ರೆಗೆ ಎರಡೂ ಬೇಕು.