ಕೆಳಗೆ ಮಳಿಗೆ, ಮೇಲೆ ಮನೆ: ಯಾದಗಿರಿ ಸೀಮೆಯ ಮುಖ್ಯರಸ್ತೆಗಳು

ಮನೆಯಿಂದ ಅಂಗಡಿಗೆ ನಡೆದೇ ಹೋಗುವಂತಿರಬೇಕು, ಒಂದೇ ಕಟ್ಟಡದಲ್ಲಿ ವ್ಯಾಪಾರವೂ ವಾಸವೂ ಕೂಡಿರಬೇಕು ಎಂದು ನಗರ ಯೋಜಕರು ಈಗ ಹೊಸ ತತ್ವವೆಂಬಂತೆ ಹೇಳುತ್ತಿದ್ದಾರೆ. ಸುರಪುರದ ಹಳೆಯ ಪೇಟೆಯವರು ಕೇಳಿದರೆ ನಕ್ಕಾರು. 1705ರಲ್ಲಿ ಔರಂಗಜೇಬನ ಸೈನ್ಯಕ್ಕೆ ವಾಗಣಗೇರಿ ಕೋಟೆ ಬಿದ್ದ ಮೇಲೆ ಬೇಡ ನಾಯಕರು ಗುಡ್ಡಗಳ ನಡುವೆ ಬೆಳೆಸಿದ ರಾಜಧಾನಿ ಅದು. ಏರಿಳಿಯುವ ಓಣಿಗಳಲ್ಲಿ ಬಂಡಿಗಿಂತ ಕಾಲೇ ಸಲೀಸು. ಮನೆ ಒಂದು ಕಡೆ, ವ್ಯಾಪಾರ ಇನ್ನೊಂದು ಕಡೆ ಎಂಬ ವಿಂಗಡಣೆಗೆ ಅಲ್ಲಿ ಜಾಗವೇ ಇರಲಿಲ್ಲ. ಪೇಟೆಯ ಗದ್ದಲದಿಂದ ದೂರ, ಗುಡ್ಡದ ಮೇಲೆ ಒಂಟಿ ಬಂಗಲೆ ಕಟ್ಟಿಕೊಂಡವನು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್. ಟೇಲರ್ ಮಂಜಿಲ್ ಎಂಬ ಆ ಬಂಗಲೆಯನ್ನು ಈ ಸೀಮೆಯ ಮೊದಲ 'ಬಡಾವಣೆ ಮನೆ' ಎಂದು ತಮಾಷೆಗೆ ಕರೆಯಬಹುದು.

ಹಳೆಯ ಅಂಗಡಿ-ಮನೆಯ ಕಟ್ಟಣೆಯಲ್ಲಿ ಗಮನಿಸಬೇಕಾದದ್ದು ಅದರ ಮುಂಭಾಗ. ರಸ್ತೆಗೆ ತಾಗಿ ಮೊಣಕಾಲೆತ್ತರದ ಕಟ್ಟೆ, ಅದರ ಮೇಲೆ ಶಹಾಬಾದ್ ಫರಸಿ. ಒಂದೊಂದಾಗಿ ತೆಗೆದು ಪಕ್ಕಕ್ಕೆ ಒರಗಿಸುವ ಹಲಗೆ ಬಾಗಿಲು. ಒಳಗೆ ಪಡಸಾಲೆ, ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರಿನಲ್ಲಿ ಮಣ್ಣಿನ ಮಾಳಿಗೆ ಕಾಸಿಗೆ ಸಿಕ್ಕ ತಂಪು. ಕಟ್ಟೆಯ ಒಡೆಯ ಅಂಗಡಿಕಾರನಾದರೂ ಬಳಸುವವರು ದಾರಿಹೋಕರೆಲ್ಲ. ಚೌಕಾಸಿ ನಡೆಯುವುದು, ಸಂತೆಗೆ ಬಂದವರು ಗಂಟು ಇಳಿಸುವುದು, ಮಳೆ ಬಂದರೆ ನಿಲ್ಲುವುದು ಎಲ್ಲ ಅಲ್ಲೇ. ಇಂದಿನ ವಿನ್ಯಾಸಕಾರರು ಮುಖ್ಯರಸ್ತೆಯ ಕಟ್ಟಡಕ್ಕೆ ಬೇಕೆಂದು ಹುಡುಕುವುದು ಇಂಥ ಅಂಚನ್ನೇ.

1871ರಲ್ಲಿ ಮುಂಬೈ–ಮದ್ರಾಸ್ ರೈಲು ಮಾರ್ಗ ರಾಯಚೂರಿನಲ್ಲಿ ಕೂಡಿಕೊಂಡಾಗ ಆ ಮಾರ್ಗದಲ್ಲಿದ್ದ ಯಾದಗಿರಿಯ ಲೆಕ್ಕ ಬದಲಾಯಿತು. ಕೋಟೆಯ ಬುಡದಲ್ಲಿದ್ದ ಊರು ಸ್ಟೇಷನ್ ಕಡೆ ಕೈಚಾಚಿತು. ಗಂಜ್ ಬಂತು, ಅಡತಿ ಅಂಗಡಿಗಳು ಬಂದವು: ಮುಂದೆ ಗಾದಿ, ಹಿಂದೆ ಗೋದಾಮು, ಮೇಲೆ ಸಂಸಾರ. ಆಗ ಯಾದಗಿರಿ, ಸುರಪುರ, ಶಹಾಪುರ ಮೂರೂ ನಿಜಾಮರ ಸೀಮೆ. 1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿನಲ್ಲಿ 1912ರಲ್ಲಿ ಸ್ಥಾಪನೆಯಾದ ನಗರ ಸುಧಾರಣಾ ಮಂಡಳಿ ಮುಂದೆ ಚಾರ್ಮಿನಾರ್ ಬಳಿಯ ಪತ್ಥರ್‌ಗಟ್ಟಿಯನ್ನು ಕಟ್ಟಿತು. ಕೆಳಗೆ ಸಾಲು ಮಳಿಗೆ, ಮೇಲೆ ವಾಸ, ಮುಂದೆ ಕಲ್ಲಿನ ಕಮಾನುಗಳ ನೆರಳಿನಲ್ಲಿ ನಡಿಗೆ. ರಾಜಧಾನಿಗೆ ಸಿಕ್ಕ ಆ ಭಾಗ್ಯ ಜಿಲ್ಲೆಯ ಪೇಟೆಗಳಿಗೆ ಸಿಗಲಿಲ್ಲ. ಮಾದರಿ ಮಾತ್ರ ಕಣ್ಣೆದುರಿಗಿತ್ತು.

ಜೇನ್ ಜೇಕಬ್ಸ್ ಎಂಬ ಅಮೆರಿಕದ ಲೇಖಕಿ ಮನೆ-ಅಂಗಡಿ ಬೆರೆತ ಬೀದಿಗಳೇ ಊರಿನ ಜೀವಾಳ ಎಂದು ವಾದಿಸಿ ಪುಸ್ತಕ ಬರೆದದ್ದು 1961ರಲ್ಲಿ. ನಮ್ಮ ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯೂ ಅದೇ ವರ್ಷದ್ದು. ಆದರೆ ಅದು ಹಿಡಿದ ದಾರಿ ಬೇರೆ: ವಸತಿಗೆ ಒಂದು ವಲಯ, ವಾಣಿಜ್ಯಕ್ಕೆ ಒಂದು ವಲಯ, ನಕ್ಷೆಯಲ್ಲಿ ಬೇರೆ ಬೇರೆ ಬಣ್ಣ. ಹಳೆಯ ಪೇಟೆಯಲ್ಲಿ ಬಣ್ಣದ ನಕ್ಷೆ ನಡೆಯಲಿಲ್ಲ, ಊರಾಚೆ ನಡೆಯಿತು. ಹೊಲ ಎನ್‌ಎ (ಕೃಷಿಯೇತರ ಜಮೀನು) ಆಗಿ, ಪ್ಲಾಟುಗಳಾಗಿ, ಒಂದು ಕಡ್ಡಿಪೆಟ್ಟಿಗೆಗೂ ಬೈಕ್ ಹತ್ತಬೇಕಾದ ಬಡಾವಣೆಗಳು ಎದ್ದವು.

ಶಹಾಪುರಕ್ಕೆ ದುಡ್ಡು ತಂದದ್ದು ನೀರು. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. ನಾರಾಯಣಪುರ ಎಡದಂಡೆ ಕಾಲುವೆ ಹರಿದಲ್ಲೆಲ್ಲ ಜೋಳದ ಹೊಲ ಭತ್ತದ ಗದ್ದೆಯಾಯಿತು. ಊರ ಪಕ್ಕದ ಭೀಮರಾಯನಗುಡಿಯಲ್ಲಿ ಯೋಜನೆಯ ಸಿಬ್ಬಂದಿಗೆ ಸಾಲು ಕ್ವಾರ್ಟರ್ಸ್ ಎದ್ದರೆ, ಬೀದರ್–ಶ್ರೀರಂಗಪಟ್ಟಣ ರಸ್ತೆಯ ಎರಡೂ ಬದಿ ಭತ್ತದ ಲಾಭ ಕಾಂಪ್ಲೆಕ್ಸ್‌ಗಳಾಗಿ ನಿಂತಿತು. ಕೆಳಗೆ ಬೀಜ-ಗೊಬ್ಬರ, ಮೊಬೈಲ್, ಔಷಧಿ ಅಂಗಡಿ. ಮೇಲೆ ಬ್ಯಾಂಕೋ ಕೋಚಿಂಗ್ ಕ್ಲಾಸೋ, ಅದರ ಮೇಲೆ ಮಾಲೀಕರ ಮನೆ ಇಲ್ಲವೆ ಎರಡು ಬಾಡಿಗೆ ಮನೆ. ನಕ್ಷೆ ಪರವಾನಗಿಗೆ, ಕಟ್ಟುವುದು ಮೇಸ್ತ್ರಿಯ ಲೆಕ್ಕದಲ್ಲಿ. ಎಂಟಕ್ಕಿಂತ ಹೆಚ್ಚು ಮನೆ ಕಟ್ಟಿ ಮಾರುವ ಬಿಲ್ಡರ್‌ಗಳಿಗಾಗಿ ಬಂದ 2016ರ ರೇರಾ ಕಾಯ್ದೆ ಇಂಥ ಕಟ್ಟಡದ ತನಕ ಬರುವುದೇ ಇಲ್ಲ.

ಮಳಿಗೆಯ ಮೇಲೆ ಮನೆ ಉಳಿದುಕೊಂಡಿತು, ಸರಿ. ಹೋದದ್ದು ಕಟ್ಟೆ. ರಸ್ತೆ ಅಗಲೀಕರಣದಲ್ಲಿ ಮುಂಭಾಗ ಕತ್ತರಿಸಿದಾಗ ಮೊದಲು ಒಡೆಯುವುದು ಅದನ್ನೇ. ಉಳಿದಷ್ಟರಲ್ಲಿ ಶಟರ್ ಇಳಿಬಿಟ್ಟು, ಚರಂಡಿಯ ಮೇಲೆ ಕಲ್ಲು ಹಾಸಿ, ಅದರ ಮೇಲೆ ಬೈಕ್ ನಿಲ್ಲಿಸುತ್ತಾರೆ. ಮಹಡಿಗೆ ಹೋಗುವವರ ಪಾಡು ಹೇಗೆಂದರೆ, ಎರಡು ಶಟರ್‌ಗಳ ನಡುವೆ ಇಬ್ಬರು ಎದುರಾದರೆ ಒಬ್ಬರು ಹಿಂದೆ ಸರಿಯಬೇಕಾದಷ್ಟು ಕಿರಿದಾದ ಪಾವಟಿಗೆ. ಬುಡದಲ್ಲಿ ಸಾಲು ಕರೆಂಟ್ ಮೀಟರ್, ಯಾರದೋ ಗ್ಯಾಸ್ ಸಿಲಿಂಡರ್. ಮೇಲಿನ ಮನೆಯ ಅಜ್ಜಿ ಕೆಳಗಿಳಿಯುವುದನ್ನೇ ಬಿಟ್ಟರೆ ಆಶ್ಚರ್ಯವಿಲ್ಲ. ಮೇಲೆ ಸ್ಲ್ಯಾಬ್, ಪಶ್ಚಿಮಕ್ಕೆ ಗಾಜು. ಮಧ್ಯಾಹ್ನ ಒಳಗೆ ಕೂರಲಾಗದು.

2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ಯಾದಗಿರಿ ನಗರದ ಜನ 74 ಸಾವಿರ, ಶಹಾಪುರ ಮತ್ತು ಸುರಪುರ ತಲಾ 50 ಸಾವಿರ ದಾಟಿದ್ದವು. ಇಷ್ಟು ಜನರ ಊರಲ್ಲಿ ಬಹುಪಾಲು ಕೆಲಸ ಕಾಲ್ನಡಿಗೆಯಲ್ಲೇ ಮುಗಿಯಬೇಕು. ಜಿಲ್ಲಾಡಳಿತದ ಕಚೇರಿಗಳು ಮಾತ್ರ ಚಿತ್ತಾಪುರ ರಸ್ತೆಯಲ್ಲಿ ಊರಾಚೆ ನಿಂತವು. ಸಣ್ಣ ಅರ್ಜಿಗೂ ಆಟೊ ಹುಡುಕಬೇಕು. ನನ್ನ ದೃಷ್ಟಿಯಲ್ಲಿ ಜಿಲ್ಲೆಯ ಯೋಜನೆಯಲ್ಲಾದ ದೊಡ್ಡ ತಪ್ಪು ಇದು. ಇನ್ನು ಆ ರಸ್ತೆಯನ್ನೇ ಪೇಟೆಯಂತೆ ಬೆಳೆಸುವುದೊಂದೇ ದಾರಿ.

ಅಲ್ಲಿ ಕಟ್ಟಬೇಕಾದದ್ದು ಗೋಪುರಗಳನ್ನಲ್ಲ. ಲಿಫ್ಟ್ ಇಲ್ಲದೆ ಹತ್ತಬಹುದಾದ ನೆಲ ಮತ್ತು ಎರಡು ಮಹಡಿ ಸಾಕು. ಮೇಲಿನ ಮಹಡಿ ಮುಂದೆ ಚಾಚಿ ಕೆಳಗೆ ಆರೆಂಟು ಅಡಿ ನೆರಳು ಕೊಡಬೇಕು, ಗಾಳಿಗೆ ನಡುವೆ ಚಿಕ್ಕ ಅಂಗಳ ಇರಬೇಕು, ಪಾವಟಿಗೆ ಅಗಲವಾಗಿ ರಸ್ತೆಗೆ ಕಾಣುವಂತಿರಬೇಕು, ಬೈಕ್-ಕಾರುಗಳಿಗೆ ಹಿಂದಿನ ಓಣಿಯಿಂದ ದಾರಿ ಬಿಡಬೇಕು. ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಪಾದಚಾರಿಗೆ ಅಡೆತಡೆಯಿಲ್ಲದ 1.8 ಮೀಟರ್, ವಾಣಿಜ್ಯ ಬೀದಿಯಲ್ಲಿ 2.5 ಮೀಟರ್ ಇರಲಿ ಎಂದಿತ್ತು. ಚಾಚು ಮಹಡಿಯ ನೆರಳು ಈ ಅಳತೆಗೆ ಹೆಚ್ಚುಕಡಿಮೆ ಹೊಂದುತ್ತದೆ.

ತೊಡಕಿರುವುದು ಒಡೆತನದಲ್ಲಿ. ಪತ್ಥರ್‌ಗಟ್ಟಿಯನ್ನು ಕಟ್ಟಿದ್ದು ಒಂದೇ ಮಂಡಳಿ. ಇಲ್ಲಿ ಇಪ್ಪತ್ತು-ಮೂವತ್ತು ಅಡಿಗೊಬ್ಬ ಮಾಲೀಕ, ಒಬ್ಬೊಬ್ಬನ ಪಾಯದ ಎತ್ತರ ಒಂದೊಂದು. ಎಲ್ಲರೂ ನೆರಳು ಬಿಟ್ಟರೂ ನಡೆಯುವವನು ಪ್ರತಿ ಅಂಗಡಿಗೆ ಹತ್ತಿ ಇಳಿಯಬೇಕಾದೀತು. ಆದ್ದರಿಂದ ನಗರಸಭೆ ಪರವಾನಗಿ ಕೊಡುವ ಮೊದಲು ರಸ್ತೆಯುದ್ದಕ್ಕೂ ಒಂದೇ ಕಟ್ಟೆ-ಮಟ್ಟ ಗುರುತಿಸಬೇಕು. ನೆರಳಿಗೆ ಬಿಟ್ಟ ಜಾಗಕ್ಕೆ ಬದಲಾಗಿ ಮೇಲೆ ಅಷ್ಟೇ ಕಟ್ಟಿಕೊಳ್ಳುವ ಅವಕಾಶವನ್ನೂ ಬರೆದು ಕೊಡಬೇಕು.