ಕಡತ ಕ್ಯಾಶ್‌ನಲ್ಲಿ ರೇಸ್ ಕಂಡಿಷನ್

ರೇಸ್ ಕಂಡಿಷನ್ ಎಂಬುದು ಎರಡು ಅಥವಾ ಹೆಚ್ಚು ಕಾರ್ಯಗಳು ಒಂದೇ ದತ್ತಾಂಶವನ್ನು ಏಕಕಾಲದಲ್ಲಿ ಬಳಸುವಾಗ, ಅವುಗಳಲ್ಲಿ ಯಾವುದು ಮೊದಲು ನಡೆಯಿತೆಂಬುದರ ಮೇಲೆ ಫಲಿತಾಂಶವು ಬದಲಾಗುವ ದೋಷವಾಗಿದೆ. ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್‌ನಲ್ಲಿ, ಕಡತಗಳ ಮಾಹಿತಿಯನ್ನು ಮೆಮೊರಿಯಲ್ಲಿ ಕಾದಿರಿಸುವ ಕ್ಯಾಶ್ ಇಂತಹ ದೋಷಕ್ಕೆ ಸುಲಭವಾಗಿ ಒಳಗಾಗುವ ಭಾಗ. ಲಿನಕ್ಸ್‌ನ ಇಂತಹ ಒಂದು ಕ್ಯಾಶ್‌ನ ಮರುರಚನೆಯಲ್ಲಿ ಬೆಂಗಳೂರಿನ ಎಂಜಿನಿಯರುಗಳ ಪಾತ್ರವಿದೆ.

ಸ್ವರೂಪ

ಮೈಸೂರು ರೈಲು ನಿಲ್ದಾಣದ ಎರಡು ಕೌಂಟರುಗಳಲ್ಲಿ ಒಂದೇ ಆಸನ ಖಾಲಿಯಿರುವುದನ್ನು ಇಬ್ಬರು ಗುಮಾಸ್ತರು ಏಕಕಾಲದಲ್ಲಿ ಕಂಡು, ಇಬ್ಬರೂ ಟಿಕೆಟ್ ಕೊಟ್ಟರೆಂದು ಊಹಿಸಬಹುದು. ಇಬ್ಬರ ಕೆಲಸವೂ ಪ್ರತ್ಯೇಕವಾಗಿ ಸರಿಯೇ. ನೋಡುವುದಕ್ಕೂ ಕೊಡುವುದಕ್ಕೂ ನಡುವಿನ ಅಂತರದಲ್ಲಿ ದೋಷ ಅಡಗಿದೆ. ಇದನ್ನು ತಡೆಯುವ ಸರಳ ವಿಧಾನ ಲಾಕ್: ಒಬ್ಬರ ಕೆಲಸ ಮುಗಿಯುವವರೆಗೆ ಇನ್ನೊಬ್ಬರು ಕಾಯಬೇಕು.

ಲಿನಕ್ಸ್‌ನ ಡಿಕ್ಯಾಶ್

ಲಿನಕ್ಸ್ ಕಡತದ ಒಳಗಿನ ದತ್ತಾಂಶವನ್ನು ಪೇಜ್ ಕ್ಯಾಶ್‌ನಲ್ಲಿಯೂ, ಹೆಸರು ಹಾಗೂ ಸ್ಥಾನದ ವಿವರವನ್ನು ಡಿಕ್ಯಾಶ್‌ನಲ್ಲಿಯೂ ಇರಿಸುತ್ತದೆ. ಮೊದಲು ಡಿಕ್ಯಾಶ್‌ನ ಹುಡುಕಾಟಕ್ಕೆಲ್ಲ ಒಂದೇ ಲಾಕ್ ಇತ್ತು. ಅನೇಕ ಪ್ರೊಸೆಸರುಗಳಿರುವ ಯಂತ್ರಗಳಲ್ಲಿ ಇದರಿಂದ ಕಾಯುವಿಕೆ ಹೆಚ್ಚುತ್ತಿತ್ತು.

ಬೆಂಗಳೂರಿನ ಐಬಿಎಂ ಸಾಫ್ಟ್‌ವೇರ್ ಲ್ಯಾಬ್‌ನ ಲಿನಕ್ಸ್ ಟೆಕ್ನಾಲಜಿ ಸೆಂಟರ್‌ನಲ್ಲಿದ್ದ ದೀಪಂಕರ್ ಶರ್ಮಾ ಮತ್ತು ಮನೀಶ್ ಸೋನಿ ಆರ್‌ಸಿಯು ವಿಧಾನವನ್ನು ಡಿಕ್ಯಾಶ್‌ಗೆ ಅಳವಡಿಸುವ ಕಾರ್ಯದಲ್ಲಿ ತೊಡಗಿದರು. 2.5.62ನೇ ಆವೃತ್ತಿಯಿಂದ ಈ ಮಾದರಿ ಬಳಕೆಗೆ ಬಂದಿತು. ಪಾಲ್ ಮೆಕೆನಿ ಅವರೊಡಗೂಡಿ ಇಬ್ಬರೂ ಬರೆದ ಲೇಖನ 2004ರ ಜನವರಿಯಲ್ಲಿ 'ಲಿನಕ್ಸ್ ಜರ್ನಲ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಆರ್‌ಸಿಯುನಲ್ಲಿ ಓದುವವರು ಲಾಕ್ ಹಿಡಿಯುವುದಿಲ್ಲ. ಪಟ್ಟಿಯಿಂದ ತೆಗೆದ ನಮೂದಿನ ಮೆಮೊರಿಯನ್ನು, ಅದನ್ನು ಆಗಲೇ ಓದುತ್ತಿದ್ದವರೆಲ್ಲ ಮುಗಿಸಿದ ಬಳಿಕವಷ್ಟೇ ಬಿಡುಗಡೆ ಮಾಡಲಾಗುತ್ತದೆ.

ಲಾಕ್ ಇಲ್ಲದ ಹುಡುಕಾಟದಲ್ಲಿ ಎರಡು ಅಪಾಯಗಳನ್ನು ನಿವಾರಿಸಬೇಕಾಯಿತು:

* ಅಳಿಸುವಿಕೆ: ಹುಡುಕಿದ ನಮೂದು ಸಿಗುವಷ್ಟರಲ್ಲಿ ಅಳಿಸಲ್ಪಟ್ಟಿರಬಹುದು. ಆದ್ದರಿಂದ ಆ ನಮೂದಿನದೇ ಚಿಕ್ಕ ಲಾಕ್ ಹಿಡಿದು, ಅದು ಇನ್ನೂ ಪಟ್ಟಿಯಲ್ಲಿದೆಯೇ ಎಂದು ಮತ್ತೆ ಪರೀಕ್ಷಿಸಲಾಗುತ್ತದೆ.
* ಮರುನಾಮಕರಣ: ಹೆಸರು ಬದಲಾದ ನಮೂದು ಬೇರೊಂದು ಪಟ್ಟಿಗೆ ಸರಿಯುತ್ತದೆ. ಆ ಕ್ಷಣದಲ್ಲಿ ಅದರ ಮೇಲೆಯೇ ಇದ್ದ ಹುಡುಕಾಟ ಅದರೊಡನೆ ದಾರಿತಪ್ಪಿ, ಇರುವ ಕಡತವನ್ನೇ 'ಇಲ್ಲ' ಎಂದು ವರದಿ ಮಾಡಬಹುದು. ಇದಕ್ಕಾಗಿ ಮರುನಾಮಕರಣಗಳ ಕ್ರಮಸಂಖ್ಯೆಯೊಂದನ್ನು ಇರಿಸಲಾಗಿದೆ. ಕಡತ ಸಿಗದೆ, ಈ ಸಂಖ್ಯೆಯೂ ಬದಲಾಗಿದ್ದರೆ ಹುಡುಕಾಟ ಪುನರಾವರ್ತನೆಯಾಗುತ್ತದೆ.

ದೋಷಶೋಧನೆ

ಈ ದೋಷಗಳು ಅಪರೂಪಕ್ಕೆ ಕಾಣಿಸಿಕೊಳ್ಳುತ್ತವೆ. ಪತ್ತೆಗಾಗಿ ಸಂದೇಶ ಮುದ್ರಿಸುವ ಸಾಲನ್ನು ಸೇರಿಸಿದರೂ ಸಮಯದ ಹೊಂದಾಣಿಕೆ ಬದಲಾಗಿ ದೋಷವೇ ಮರೆಯಾಗಬಹುದು. 2020ರಲ್ಲಿ ಬಿಡುಗಡೆಯಾದ ಲಿನಕ್ಸ್ 5.8ರಲ್ಲಿ ಸೇರಿದ ಕೆಸಿಸ್ಯಾನ್ ಎಂಬ ಸಾಧನವು ಆಯ್ದ ಮೆಮೊರಿ ಸ್ಥಾನಗಳ ಮೇಲೆ ಕಾವಲಿರಿಸಿ, ಕಾರ್ಯವನ್ನು ಬೇಕೆಂದೇ ಕ್ಷಣಕಾಲ ತಡೆದು, ಆ ವೇಳೆ ಬೇರೊಂದು ಕಾರ್ಯ ಅಲ್ಲಿಗೆ ಬಂದರೆ ವರದಿ ಮಾಡುತ್ತದೆ.

ಭದ್ರತೆಯ ಮೇಲಿನ ಪರಿಣಾಮ

2016ರ ಅಕ್ಟೋಬರ್‌ನಲ್ಲಿ ಬಹಿರಂಗವಾದ 'ಡರ್ಟಿ ಕೌ' (ಸಿವಿಇ-2016-5195) ಮೆಮೊರಿ ನಿರ್ವಹಣೆಯಲ್ಲಿದ್ದ ರೇಸ್ ಕಂಡಿಷನ್. ಓದಲು ಮಾತ್ರ ಅನುಮತಿಯಿದ್ದ ಕಡತದ ಪೇಜ್ ಕ್ಯಾಶ್ ಪ್ರತಿಯನ್ನು ಸಾಮಾನ್ಯ ಬಳಕೆದಾರನು ತಿದ್ದಿ, ವ್ಯವಸ್ಥಾಪಕನ ಅಧಿಕಾರ ಪಡೆಯಲು ಇದು ಅವಕಾಶ ನೀಡಿತು. 2007ರ 2.6.22ನೇ ಆವೃತ್ತಿಯಿಂದಲೇ ಇದ್ದ ಈ ದೋಷವು ಸರಿಪಡಿಸಲ್ಪಡುವ ವೇಳೆಗೆ ಒಂಬತ್ತು ವರ್ಷಗಳು ಕಳೆದಿದ್ದವು. ಆಂಡ್ರಾಯ್ಡ್ ಫೋನುಗಳೂ ಲಿನಕ್ಸ್ ಕರ್ನೆಲನ್ನೇ ಬಳಸುವುದರಿಂದ ಇದರ ವ್ಯಾಪ್ತಿಗೆ ಒಳಪಟ್ಟಿದ್ದವು.