ಕಂಚಿನ ತೋಪು, ಕಬ್ಬಿಣದ ತೋಪು

1565ರ ಜನವರಿಯಲ್ಲಿ ಕೃಷ್ಣೆಯ ಸೀಮೆಯಲ್ಲಿ ತೋಪಿನ ಬಾಯಿಗೆ ಗುಂಡಿನ ಬದಲು ತಾಮ್ರದ ದುಡ್ಡಿನ ಚೀಲ ತುರುಕಿದರು. ವಿಜಯನಗರದ ದಂಡು ತೀರ ಹತ್ತಿರ ಬಂದಾಗ ಅಹಮದನಗರದ ತೋಪಖಾನೆಯ ಮುಖ್ಯಸ್ಥ ಚೆಲೇಬಿ ರೂಮಿಖಾನ್ ಹೂಡಿದ ಯುಕ್ತಿ ಇದು ಎಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಮುದ್ದೇಬಿಹಾಳ ಸೀಮೆಯ ಊರುಗಳ ಹೆಸರು ಹೊತ್ತ ರಕ್ಕಸಗಿ–ತಂಗಡಗಿ ಕಾಳಗ ಅದು.

ತಾಮ್ರ ಆಗ ದುಡ್ಡೂ ಹೌದು, ತೋಪೂ ಹೌದು. ತೋಪಿನ ಮೈಗೆ ಯಾವ ಲೋಹ ಎನ್ನುವುದು ಖಜಾನೆಯ ಪ್ರಶ್ನೆಯೂ ಆಗಿತ್ತು.

ಬಿಜಾಪುರದ ಮಲಿಕ್-ಎ-ಮೈದಾನ್ ತೋಪು ಕಂಚಿನದು. 1549ರಲ್ಲಿ ಅಹಮದನಗರದಲ್ಲಿ ಮಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದದ್ದು. ತೂಕ ಸುಮಾರು 55 ಟನ್. ಅದರಲ್ಲಿ ನೂರಕ್ಕೆ 80 ಪಾಲು ತಾಮ್ರ, 20 ಪಾಲು ತವರ. ತೋಪಿಗಲ್ಲ, ಗಂಟೆಗೆ ಒಪ್ಪುವ ಪ್ರಮಾಣ! ತವರ ಹೆಚ್ಚಿದಷ್ಟೂ ಕಂಚು ಬಿರುಸಾಗುತ್ತದೆ, ಒಡೆಯುವ ಭಯವೂ ಹೆಚ್ಚು. ಆದರೆ ಕರಗಿದಾಗ ಅಚ್ಚಿನ ಸಂದುಗೊಂದಿಗೂ ಸಲೀಸಾಗಿ ಹರಿಯುತ್ತದೆ. ತೋಪಿನ ಬಾಯಲ್ಲಿ ಆನೆಯನ್ನು ಜಗಿಯುವ ಸಿಂಹದ ಮೊಗ ಅಷ್ಟು ಸ್ಫುಟವಾಗಿ ಮೂಡಿದ್ದು ಅದರಿಂದಲೇ ಇರಬೇಕು.

ಬಿಜಾಪುರ ಊರಿನ ನಡುವೆ, 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ ಉಪ್ಪಲಿ ಬುರುಜಿನ ಮೇಲಿರುವವು ಕಬ್ಬಿಣದ ತೋಪುಗಳು. ಉದ್ದನೆಯದು 30 ಅಡಿಗೂ ಮಿಕ್ಕಿದೆ. ಅಷ್ಟು ಕಬ್ಬಿಣವನ್ನು ಒಮ್ಮೆಗೇ ಕರಗಿಸಿ ಹೊಯ್ಯುವ ಕುಲುಮೆ ಇಲ್ಲಿರಲಿಲ್ಲ. ಉದ್ದುದ್ದ ಪಟ್ಟಿಗಳನ್ನು ಒತ್ತಾಗಿ ಜೋಡಿಸಿ, ಬಂಡಿಯ ಗಾಲಿಗೆ ಹಳಿ ಏರಿಸುವಂತೆ, ಕಾಸಿದ ಬಳೆಗಳನ್ನು ಮೇಲೆ ತೊಡಿಸುತ್ತಿದ್ದರು. ಆರಿದ ಬಳೆ ಕುಗ್ಗಿ ಪಟ್ಟಿಗಳನ್ನು ಬಿಗಿ ಹಿಡಿಯುತ್ತದೆ. ತಾಮ್ರಕ್ಕಿಂತ ಅಗ್ಗ, ಕಮ್ಮಾರರ ಕೈಗೆ ಒಗ್ಗಿದ ಕೆಲಸ. ಆದರೆ ತುಕ್ಕು ಬಿಡದು, ಬೆಸುಗೆಯಲ್ಲಿ ಲೋಪವಿದ್ದರೆ ತೋಪು ಹಾರಿಸುವವನ ಮುಂದೆಯೇ ಸಿಡಿಯುತ್ತದೆ.

ಮಲಿಕ್-ಎ-ಮೈದಾನದಂಥ ಅಷ್ಟು ಭಾರದ ಕಂಚಿನ ತೋಪು ಕದಲದೆ ಉಳಿಯಬೇಕಿತ್ತು. ಆದರೆ ಅದು ಪರಾಂಡ ಕೋಟೆಗೆ ಹೋಗಿ, 1632ರಲ್ಲಿ ಬಿಜಾಪುರಕ್ಕೆ ಬಂತು. ಪರಾಂಡದಿಂದ ಬರಲು ಭೀಮೆಯನ್ನು ದಾಟಲೇಬೇಕು. ಜೊತೆಯ ಕಡಕ್ ಬಿಜಲಿ ಎಂಬ ತೋಪು ದಾರಿಯಲ್ಲಿ ನೀರುಪಾಲಾಯಿತೆಂಬ ಪ್ರತೀತಿಯಿದೆ.

ಆಯುಧದ ಮೈಗೆ ಯಾವ ವಸ್ತು ಎಂಬ ಪ್ರಶ್ನೆ ಇನ್ನೂ ಮುಗಿದಿಲ್ಲ. ಪಿಸ್ತೂಲು ಕೊಳ್ಳುವವರ ಈಗಿನ ತಕರಾರು ಚೌಕಟ್ಟು ಉಕ್ಕಿನದೋ ಪಾಲಿಮರ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದೋ ಎಂಬುದು. ಜರ್ಮನಿಯ ಹೆಕ್ಲರ್ ಅಂಡ್ ಕಾಕ್ 1970ರಲ್ಲಿ ಪಾಲಿಮರ್ ಚೌಕಟ್ಟಿನ ಪಿಸ್ತೂಲು ತಂದಿತು. 1982ರಲ್ಲಿ ಆಸ್ಟ್ರಿಯದ ಸೈನ್ಯ ಅಂಥದೇ ಚೌಕಟ್ಟಿನ ಗ್ಲಾಕ್ ಪಿಸ್ತೂಲು ಆರಿಸಿದ ಮೇಲೆ ಪಾಲಿಮರ್ ಎಲ್ಲೆಡೆ ಹಬ್ಬಿತು. ಸೊಂಟಕ್ಕೆ ಹಗುರ, ತುಕ್ಕಿನ ಗೊಡವೆಯಿಲ್ಲ. ಉಕ್ಕಿನ ಚೌಕಟ್ಟು ಭಾರ, ಆದರೆ ಗುಂಡು ಹಾರಿದಾಗಿನ ಹಿಂದೊದೆತವನ್ನು ಆ ಭಾರವೇ ನುಂಗುತ್ತದೆ. ಒತ್ತಡ ತಾಳಬೇಕಾದ ನಳಿಗೆ ಮಾತ್ರ ಎರಡರಲ್ಲೂ ಉಕ್ಕಿನದೇ.

ಮಲಿಕ್-ಎ-ಮೈದಾನದ ಬೆಲೆಯನ್ನು ಕೊನೆಗೆ ಕಟ್ಟಿದ್ದು ಇಂಗ್ಲಿಷರು. 1854ರಲ್ಲಿ ಹಳೆಯ ಸಾಮಾನೆಂದು ಹರಾಜಿಗಿಟ್ಟಾಗ ಬಂದ ಕೂಗು 150 ರೂಪಾಯಿ. ತೀರ ಕಡಿಮೆಯಾಯಿತೆಂದೂ, ಊರವರಿಗೆ ಅದರ ಮೇಲೆ ಭಕ್ತಿಯಿದೆಯೆಂದೂ ತಿಳಿದು, ಅಧಿಕಾರಿಗಳು ಮಾರಾಟ ಕೈಬಿಟ್ಟರು. ಕೂಗಿದವನು ಸಾಗಣೆಯ ಖರ್ಚನ್ನು ಮೊದಲೇ ಲೆಕ್ಕ ಹಾಕಿದ್ದಿರಬೇಕು.